ಅವ್ವನಿಗೆ ಓದಿ ಹೇಳಿದ ಪುಟ

“ಇಂತಾ ಪುಸ್ತ್ಕವ ಹೆಣ್ಮಕ್ಳ ಕೈಗೆ ಕೊಟ್ಟೋರ್ ಯಾರು?” ಎನ್ನುತ್ತ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಮಹಿಳಾ ಮಾಸಪತ್ರಿಕೆಯೊಂದನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಎಸೆದರು. ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯ ನಮ್ಮ ಹೈಸ್ಕೂಲಿನ ಲೈಬ್ರರಿಗೆ ಮುಂದಿನ ವರ್ಷ ಯಾವ ಯಾವ ಪತ್ರಿಕೆ ತರಿಸುವುದೆಂದು ಶಿಕ್ಷಕರೆಲ್ಲ ಚರ್ಚಿಸುತ್ತಿದ್ದೆವು. ಈ ಪತ್ರಿಕೆಗಾಗಿ ಹಟ ಹಿಡಿದಿದ್ದವಳು ನಾನೇ.

ತೆರೆದಿದ್ದ ಪುಟದಲ್ಲಿ ಸ್ತನದ ಗಂಟಿನ ಬಗ್ಗೆ ವೈದ್ಯರ ಲೇಖನವಿತ್ತು. ಹುಡುಗಿ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದಳಂತೆ. “ಇನ್ನು ಇದನ್ನ ತರಿಸೋದಿಲ್ಲ, ಸಮಾಧಾನ ಮಾಡ್ಕೊಳ್ಳಿ” ಎಂದರು ಹೆಡ್‌ಮಾಸ್ಟರು.

ಅಷ್ಟು ಹೊತ್ತೂ ಬಾಗಿಲಾಚೆ ನಿಂತಿದ್ದ ಹುಡುಗಿಯ ತಾಯಿ ಒಳಗೆ ಬಂದರು. ಅಷ್ಟೊಂದು ಗಂಡಸರ ಮುಂದೆ, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ನನ್ನನ್ನೇ ನೋಡುತ್ತ ಹೇಳಿದರು: “ನಿಲ್ಲುಸ್ಬ್ಯಾಡಿ ಮೇಡಂ. ಅದ್ರಲ್ಲಿ ಬರ್ದಿರೋ ಗಂಟು ನಂಗೂ ಅದೆ. ಮಗ್ಳು ಓದ್ದೆ ಇದ್ದಿದ್ರೆ ನಾ ಯಾರ್ಗೂ ಯೋಳ್ತಿರ್ನಿಲ್ಲ.”

ಗಂಡನ ಮುಖದ ಸಿಟ್ಟು ಇಳಿದುಹೋಯಿತು. ಗೋಡೆ ಹಿಡಿದು ಬೆಂಚಿನ ಮೇಲೆ ಕುಸಿದು, “ನಂಗ್ಯಾಕಮ್ಮಿ ಯೋಳ್ನಿಲ್ಲ?” ಎಂದರು. ಮರುದಿನ ಅವರಿಬ್ಬರ ಜೊತೆ ನಾನೂ ಮೈಸೂರಿನ ಬಸ್ಸು ಹತ್ತಿದೆ. ಅದು ಕೆಟ್ಟ ಗಂಟೇ ಆಗಿತ್ತು. ಆದರೆ ಬೇಗ ಗೊತ್ತಾಗಿದ್ದರಿಂದ ಆಪರೇಷನ್ ಆಗಿ ಆಕೆ ಉಳಿದುಕೊಂಡರು.

ಪತ್ರಿಕೆ ಬರುತ್ತಲೇ ಇತ್ತು. ನಾನು ನಿವೃತ್ತಳಾಗುವವರೆಗೂ, ಪತ್ರಿಕೆಯನ್ನು ಮನೆಗೆ ಒಯ್ಯುತ್ತೇನೆಂದ ಯಾವ ಹುಡುಗಿಗೂ ಬೇಡವೆನ್ನಲಿಲ್ಲ. ಅಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾದವರು ಯಾರಿದ್ದಾರೋ, ನಮಗೇನು ಗೊತ್ತು!