ಹುಳ ಹಣ್ಣಾದ ದಿನ

ಚುನಾವಣೆಯ ಫಲಿತಾಂಶ ಬಂದ ಮರುದಿನವೇ ನಮ್ಮ ರೇಷ್ಮೆಹುಳ ಹಣ್ಣಾದವು, ಅಂದರೆ ಗೂಡು ಕಟ್ಟಲು ತಯಾರಾದವು. ಅಂದೇ ಆರಿಸಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡದಿದ್ದರೆ ಬೆಳೆ ಹೋಯಿತು. ಆ ಕೆಲಸಕ್ಕೆ ಬೀದಿಯವರೆಲ್ಲ ಒಬ್ಬರ ಮನೆಗೊಬ್ಬರು ಬರುವುದು ನಮ್ಮ ಶಿಡ್ಲಘಟ್ಟದ ಕಡೆ ರೂಢಿ.

ಪಕ್ಕದ ಮನೆಯ ನಾರಾಯಣಪ್ಪ ಬಾಗಿಲಲ್ಲೇ ನಿಂತ. "ಪ್ಯಾರೇಜಾನ್ ಬಂದ್ರೆ ನಾವ್ಯಾರೂ ಬರಲ್ಲ. ಈಗ ಕಾಲ ನಮ್ದು ಕಣಣ್ಣ."

"ಸರಿ, ಬರಬೇಡಿ" ಅಂದೆ.

ಪ್ಯಾರೇಜಾನ್ ಎದುರು ಮನೆಯವನು. ಗೆದ್ದವರು ಅವನ ಹೊಸ್ತಿಲ ಮೇಲೇ ಪಟಾಕಿ ಸರ ಹಚ್ಚಿದ್ದರು. ಹಗಲಲ್ಲೇ ಚಿಲಕ ಹಾಕಿಕೊಂಡಿದ್ದ. ನಾನು ಹೋಗಿ ಕರೆದಾಗ ಕಿಟಕಿಯಿಂದಲೇ, "ಬೇಡಣ್ಣ, ನನ್ನಿಂದ ನಿಮ್ಗೂ ತೊಂದ್ರೆ" ಅಂದ.

"ನನ್ನ ತೊಂದ್ರೆ ನಾನು ನೋಡ್ಕೊತೀನಿ. ಹುಳ ಕಾಯಲ್ಲ, ನಡಿಯಪ್ಪ."

ಅವನು, ಅವನ ಹೆಂಡತಿ, ನಾನು. ಎಲ್ಲರೂ ನೋಡುವಂತೆ ಬೀದಿ ದಾಟಿದೆವು. ಕಟ್ಟೆಯ ಮೇಲಿದ್ದವರು ಏನೋ ಕೂಗಿದರು. ನಾನು ನಿಂತು ನೋಡಿದೆ, ಸುಮ್ಮನಾದರು. ಸಂಜೆಯವರೆಗೆ ಮೂವರೇ ಹುಳ ಬಿಟ್ಟೆವು. ಒಂದಿಷ್ಟು ಕೆಟ್ಟವು. ಕೆಡಲಿ.

ನಾಲ್ಕು ದಿನ ಕಳೆದು ನಾರಾಯಣಪ್ಪನ ಹುಳ ಹಣ್ಣಾದವು. ಬೆಳಿಗ್ಗೆಯೇ ಬಂದ. "ಜನ ಸಾಲ್ತಿಲ್ಲ. ಪ್ಯಾರೇಜಾನ್‌ಗೆ ನೀವೇ ಒಂದು ಮಾತು ಹೇಳಿ ಅಣ್ಣ."

"ಹತ್ತು ಹೆಜ್ಜೆ ಅಷ್ಟೇ. ನೀನೇ ಹೋಗಿ ಕರಿ" ಅಂದೆ.

ಆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವನಿಗೆ ಮಧ್ಯಾಹ್ನವಾಯಿತು.