ಬೀಗದ ಕೈ ಕೊಡಜ್ಜಿ

ಕೋರಮಂಡಲ್‌ನ ಚಿನ್ನದ ಗಣಿಯವರ ಆ ಸಾಲುಮನೆ ಲೈನಿನಲ್ಲಿ ಮುನಿನಾರಾಯಣಮ್ಮನ ಮನೆ ಯಾವುದು ಅಂತ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೀಗದಜ್ಜಿ ಮನೆ ಅನ್ನಬೇಕು. ಆಗ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರೆಲ್ಲ ಒಟ್ಟಿಗೇ ಕೈ ತೋರಿಸುತ್ತಿದ್ದರು. ಬೂದಿಕೋಟೆ ಕಡೆಯ ಹಳ್ಳಿಯಿಂದ ಬರುವಾಗ ಅವಳು ತಂದದ್ದು ಒಂದು ತಗಡಿನ ಟ್ರಂಕು, ಅದಕ್ಕೊಂದು ಹಿತ್ತಾಳೆ ಬೀಗ, ಆ ಬೀಗಕ್ಕೆ ಬೆರಳುದ್ದದ ಕಬ್ಬಿಣದ ಬೀಗದ ಕೈ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗುವಳು, ಸಿಕ್ಕಿಸಿಕೊಂಡೇ ಏಳುವಳು. ಬೆಲ್ಲವೂ ಟ್ರಂಕಿನೊಳಗೆ, ಹುಣಸೆಹಣ್ಣೂ ಟ್ರಂಕಿನೊಳಗೆ. ಆ ಬೀಗವೋ, ಅವಳಷ್ಟೇ ಹಟಮಾರಿ. ಬೀಗದ ಕೈಯನ್ನು ಸ್ವಲ್ಪ ಎತ್ತಿ, ಒತ್ತಿ, ಆಮೇಲೆ ತಿರುಗಿಸಬೇಕು. ಬೇರೆ ಯಾರ ಕೈಗೂ ಅದು ಬಗ್ಗಿದ್ದಿಲ್ಲ.

"ಅಮ್ಮಾ, ಗಾಳೀಗೂ ಒಂದು ಬೀಗ ಆಕ್ಬಿಡು. ದಿಬ್ಬದ ದೂಳು ಒಳಕ್ಕೆ ಬರೋದು ತಪ್ತದೆ," ಎಂದು ಮಗಳು ಮಂಗಮ್ಮ ರೇಗಿಸುತ್ತಿದ್ದಳು.

"ಆಕ್ತಿದ್ದೆ ಕಣೇ. ಚಿಲಕ ಎಲ್ಲೈತೆ ತೋರ್ಸು ಮತ್ತೆ!"

ತಮಾಷೆಯ ಮಾತೇನೋ ಹೌದು. ಆದರೆ ಅವಳು ಕರೆಯುವ ಹಸುಗಳನ್ನು ಮಗ ಕದಿರಪ್ಪನಿಗೆ ಬಿಟ್ಟು, ಹುಟ್ಟಿ ಬೆಳೆದ ಸೀಮೆ ಬಿಟ್ಟು ಬಂದದ್ದೇ ಆ ಗಾಳಿಯ ದೆಸೆಯಿಂದ. ಮಂಗಮ್ಮನ ಮಗಳು ಸುಗುಣಾಗೆ ಉಬ್ಬಸ. ಆರು ವರ್ಷದ ಹುಡುಗಿ, ಕಣ್ಣು ತುಂಬ ಚುರುಕು, ಬಾಯಿ ಇನ್ನೂ ಚುರುಕು. ಲೈನಿನ ಹಿಂದೆಯೇ ಗಣಿಯಿಂದ ಬಂದ ಕಲ್ಲಿನ ಪುಡಿಯ ದಿಬ್ಬ. ಆಷಾಢದ ಗಾಳಿ ಎದ್ದರೆ ಅನ್ನದ ತಟ್ಟೆಯ ಮೇಲೂ ಬಿಳೀ ಪುಡಿ, ಹಾಸಿಗೆಯ ಮೇಲೂ ಬಿಳೀ ಪುಡಿ. ಆಗ ಮಗುವಿನ ಎದೆಯಲ್ಲಿ ಸುಂಯ್ ಎಂದು ಶುರುವಾಗುವುದು. ಮಂಗಮ್ಮ ಬೆಳಗಿನ ರೈಲಿಗೆ ಬಂಗಾರಪೇಟೆಯ ಹುಣಸೆ ಮಂಡಿಯ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಅಳಿಯ ಅಶ್ವತ್ಥಪ್ಪನಿಗೆ ಗಣಿಯ ಶಿಫ್ಟು. ಮಗುವನ್ನು ಹಿಡಿದುಕೊಳ್ಳಲು ಒಂದು ಜೀವ ಬೇಕಿತ್ತು, ಅಜ್ಜಿ ಬಂದಳು.

ಬಂದು ಮಾಡಿದ್ದೇನು? ಅಯ್ಯೋ, ಮಾಡದೆ ಬಿಟ್ಟದ್ದೇನು ಅಂತ ಕೇಳಿ. ತುಳಸಿ ಕಷಾಯ ಕಾಯಿಸಿದಳು, ಎದೆಗೆ ಎಣ್ಣೆ ಹಚ್ಚಿದಳು, ಯಾರು ಏನು ಹೇಳಿದರೂ ತಂದಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಕರು ಅಡ್ಡ ಬಂದರೆ ಕೈ ಹಾಕಿ ತಿರುಗಿಸಿ ಹೆರಿಗೆ ಮಾಡಿಸಿದ ಹೆಂಗಸು ಅವಳು. ಈ ಒಂದು ಹಿಡಿ ಎದೆಯೊಳಗೆ ಕೈ ಹಾಕುವಂತಿಲ್ಲವಲ್ಲ! ಮಗು ತೊಡೆಯ ಮೇಲೆ ಉಸಿರಿಗೆ ತಡಕಾಡುತ್ತಿದ್ದರೆ ಮುನಿನಾರಾಯಣಮ್ಮನಿಗೆ ತನ್ನ ಉಸಿರೇ ಬೇಡವೆನಿಸುತ್ತಿತ್ತು.

ಆ ಹೊತ್ತಿಗೆ ಧರ್ಮದ ದವಾಖಾನೆಯ ಡಾಕ್ಟರಮ್ಮ ಒಂದು ಏರ್ಪಾಡು ಮಾಡಿದರು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಉಬ್ಬಸದ ಮಗುವನ್ನು ಡಾಕ್ಟರು ಒಬ್ಬರೇ ನೋಡಿಕೊಳ್ಳಲು ಆಗುವುದಿಲ್ಲ, ಊರೇ ನೋಡಿಕೊಳ್ಳಬೇಕು ಅನ್ನುವುದು ಅವರ ಮಾತು. ತಿಂಗಳಿಗೊಮ್ಮೆ ಬೇವಿನ ಮರದ ಕೆಳಗೆ ತಾಯಂದಿರು, ಅಜ್ಜಿಯರು, ಶಾಲೆಯ ಟೀಚರು, ಅಕ್ಕಪಕ್ಕದವರು ಎಲ್ಲ ಸೇರಬೇಕು. ಕನಕಮ್ಮ ಎನ್ನುವ ಸಿಸ್ಟರು ಮನೆಮನೆಗೆ ಬರುತ್ತಿದ್ದರು. ಮಗುವನ್ನು ಮಲಗಿಸಬೇಡಿ, ಕೂರಿಸಿ, ಬೆನ್ನಿಗೆ ಆಸರೆ ಕೊಡಿ. ತಳಕ್ಕೆ ತೂತು ಮಾಡಿದ ಕಾಗದದ ಲೋಟವನ್ನು ಮೂತಿಗೆ ಹಿಡಿದು, ತೂತಿನಿಂದ ಮದ್ದಿನ ಪಂಪು ಒತ್ತಿ. ಲೈನಿಗೊಂದು ಪಂಪು, ಅದನ್ನಿಡಲು ಒಂದು ಮನೆ. ಶಾಲೆಯಲ್ಲಿ ಮಗುವಿಗೆ ಉಸಿರು ಕಟ್ಟಿದರೆ ಟೀಚರು ಕೂರಿಸುವುದು, ಮದ್ದಿನ ಮನೆಗೆ ಹೇಳಿಕಳಿಸುವುದು.

"ದೂಳಿನಿಂದ ದೂರ ಇಡಿ," ಎಂದೂ ಡಾಕ್ಟರಮ್ಮ ಹೇಳಿದರು.

"ಆ ದಿಬ್ಬಾನ ಎತ್ತಿ ಎಲ್ಲಿಕ್ಲಿ ತಾಯೀ, ನೀವೇ ಒಂದು ಜಾಗ ತೋರ್ಸಿ," ಎಂದಳು ಮುನಿನಾರಾಯಣಮ್ಮ. ಎಲ್ಲರೂ ನಕ್ಕರು. ಡಾಕ್ಟರಮ್ಮ ನಗಲಿಲ್ಲ.

ಮದ್ದಿನ ಮನೆ ಯಾವುದಾಗಬೇಕು ಎಂದಾಗ ಎಲ್ಲರ ಬೆರಳೂ ಬೀಗದಜ್ಜಿಯ ಕಡೆಗೇ. ಮುದುಕಿ ಮನೆ ಬಿಟ್ಟು ಕದಲುವವಳಲ್ಲ, ವಸ್ತುವನ್ನು ಕಳೆಯುವವಳೂ ಅಲ್ಲ. "ಬೀಗ ಮಾತ್ರ ಹಾಕಬೇಡಿ ಅಜ್ಜಿ, ಕೈಗೆ ಸಿಗುವಂತಿರಲಿ," ಎಂದು ಕನಕಮ್ಮ ಸಿಸ್ಟರ್ ಹೇಳಿದ್ದರು. ಅಜ್ಜಿ ಹಾಗೆಯೇ ಮದ್ದಿನ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಲೈನಿನ ಪೋಲಿ ಹುಡುಗರು ಬಿಟ್ಟಾರೆಯೇ? ಪಂಪನ್ನು ಎತ್ತಿಕೊಂಡು ಹೋಗಿ, ಪುಸ್ ಪುಸ್ ಎಂದು ನಾಯಿಯ ಮೂತಿಗೆಲ್ಲ ಹೊಡೆದು ಖಾಲಿ ಮಾಡಿ ತಂದಿಟ್ಟರು. ಮುನಿನಾರಾಯಣಮ್ಮ ಬಾಯಿಗೆ ಬಂದಂತೆ ಬೈದಳು, ಹೊಸದು ಬರುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕಾದಳು. ಹೊಸದು ಬಂದ ದಿನವೇ ಅದನ್ನು ಟ್ರಂಕಿಗೆ ಸೇರಿಸಿ ಬೀಗ ಜಡಿದಳು. ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಮೂಲೆ ಮನೆಯ ಪೆರುಮಾಳ್ ಅನ್ನುವ ಹುಡುಗನಿಗೆ ಆಗಾಗ ಫಿಟ್ಸು ಬರುತ್ತಿತ್ತು. ಬಿದ್ದು ಕೈಕಾಲು ಸೆಟೆದುಕೊಂಡಾಗ ಲೈನಿನ ತಮಿಳು ಹೆಂಗಸರು "ಇಳುಪ್ಪು, ಇಳುಪ್ಪು" ಎಂದು ಕೂಗಿಕೊಳ್ಳುವರು. ಹಳ್ಳಿಯ ವಾಡಿಕೆಯಂತೆ ಮುನಿನಾರಾಯಣಮ್ಮ ಓಡಿಹೋಗಿ ತನ್ನ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿ ಹಿಡಿಯುವಳು. ಫಿಟ್ಸು ತನ್ನ ಹೊತ್ತಿಗೆ ತಾನೇ ನಿಲ್ಲುತ್ತಿತ್ತು, ಹೆಸರು ಬೀಗದಜ್ಜಿಗೆ ಬರುತ್ತಿತ್ತು. ಹೀಗೆ ಅವಳು ಕಲಿತ ನಾಲ್ಕು ತಮಿಳು ಮಾತಿನಲ್ಲಿ ಇದೊಂದು ಗಟ್ಟಿಯಾಗಿ ಕೂತಿತು: ಇಳುಪ್ಪು ಎಂದರೆ ಫಿಟ್ಸು. ಅದೇ ತಮಿಳರು ಉಬ್ಬಸಕ್ಕೂ ಇಳುಪ್ಪು ಎಂದೇ ಹೇಳುತ್ತಾರೆ ಅನ್ನುವುದು ಅವಳಿಗೆ ಯಾರೂ ಹೇಳಲಿಲ್ಲ. ಕನಕಮ್ಮ ಸಿಸ್ಟರು ಅವಳ ಹತ್ತಿರ ಉಬ್ಬಸ ಅನ್ನುವರು, ಪಕ್ಕದ ಮನೆಯಲ್ಲಿ ಇಳುಪ್ಪು ಅನ್ನುವರು. ಅದರಲ್ಲೇನು ವಿಶೇಷ ಅಂತ ಯಾರಿಗೂ ಅನಿಸಲಿಲ್ಲ.

ಆಷಾಢ ಬಂತು. ಬೆಳಗಿನಿಂದಲೇ ಗಾಳಿ ಬೀಸುತ್ತಿತ್ತು. ಮುನಿನಾರಾಯಣಮ್ಮ ಹೊಸಿಲಲ್ಲಿ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ಹೂ ಮಾರುವವಳು ಬುಟ್ಟಿ ಹೊತ್ತುಕೊಂಡೇ ಏದುಸಿರು ಬಿಡುತ್ತ ಬಂದಳು. ಬೇರೆ ಲೈನಿನವಳು, ಯಾರ ಮಗು ಯಾವುದು ಎಂದು ತಿಳಿಯದು. ಶಾಲೆಯ ಕಿಟಕಿಯಿಂದ ಟೀಚರು ಕೂಗಿ ಹೇಳಿದ್ದನ್ನು ಹಾಗೆಯೇ ತಂದಿದ್ದಳು.

"ಪಾಟೀ, ಸ್ಕೂಲ್ಲ ಪುಳ್ಳೆಕ್ಕು ಇಳುಪ್ಪು! ಸೀಕ್ರಂ ವಾ!"

ಶಾಲೆಯಲ್ಲಿ ಮಗುವಿಗೆ ಇಳುಪ್ಪು, ಬೇಗ ಬಾ ಅಜ್ಜಿ. ಯಾವ ತಾಯಿಯ ಮಗುವಿಗೆ ಫಿಟ್ಸು ಬಂತೋ ಪಾಪ! ಮುನಿನಾರಾಯಣಮ್ಮ ಮೊರ ಬಿಟ್ಟು ಎದ್ದಳು. ಸೊಂಟದ ಬೀಗದ ಕೈ ಕೈಗೆ ಬಂತು. ಮೊಣಕಾಲು ನೋವನ್ನು ಲೆಕ್ಕಿಸದೆ, ಸೆರಗನ್ನು ಬಿಗಿದು ಬೀದಿ ತುದಿಯ ಶಾಲೆಗೆ ಓಡಿದಳು. ದಾರಿಯಲ್ಲಿ ಎದುರಾದವರಿಗೆ "ದಾರಿ ಬಿಡ್ರೋ!" ಎಂದು ಗದರಿಸಿದಳು. ಹೇಳಲೇಬೇಕು, ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಮಕ್ಕಳು ಗುಂಪು ಕಟ್ಟಿ ನಿಂತಿದ್ದರು. ಸಂದಿಯಿಂದ ಒಂದು ಪುಟ್ಟ ಕೈ ಕಂಡಿತು. ಮುನಿನಾರಾಯಣಮ್ಮ ನುಗ್ಗಿದವಳೇ ಆ ಅಂಗೈಯಲ್ಲಿ ಬೀಗದ ಕೈ ಇಟ್ಟು ಬೆರಳು ಮಡಿಸಿ ಗಟ್ಟಿಯಾಗಿ ಹಿಡಿದಳು. ಆಮೇಲೆ ಮುಖ ನೋಡಿದಳು.

ಸುಗುಣ. ತುಟಿ ನೀಲಿಗಟ್ಟಿತ್ತು. ಸಿಸ್ಟರು ಹೇಳಿಕೊಟ್ಟ ಹಾಗೆಯೇ ಟೀಚರು ಅವಳನ್ನು ಕೂರಿಸಿ ಬೆನ್ನಿಗೆ ಆಸರೆ ಕೊಟ್ಟಿದ್ದರು.

"ಎಲ್ಲಿ ಅಜ್ಜಿ, ಮದ್ದಿನ ಡಬ್ಬಿ ಎಲ್ಲಿ?" ಎಂದರು ಟೀಚರು.

ಡಬ್ಬಿ ಟ್ರಂಕಿನಲ್ಲಿ, ಟ್ರಂಕಿಗೆ ಬೀಗ, ಬೀಗದ ಕೈ ಇಲ್ಲಿ, ಈ ಮುಷ್ಟಿಯೊಳಗೆ. ಗಲಾಟೆ ಕೇಳಿ ಪಕ್ಕದ ಮನೆಯ ಆರುಮುಗಂ ರಾತ್ರಿ ಶಿಫ್ಟಿನ ನಿದ್ದೆಗಣ್ಣಲ್ಲೇ ಓಡಿಬಂದಿದ್ದ. "ಕೀ ಕುಡು ಪಾಟಿ, ನಾನು ತತ್ತೀನಿ," ಎಂದು ಕೈ ಚಾಚಿದ. ಅಜ್ಜಿ ಮಗುವಿನ ಬೆರಳು ಬಿಡಿಸಲು ಹೋದಳು. ಮಗು ಬಿಡಲಿಲ್ಲ. ಉಸಿರಿಲ್ಲದ ಆ ದೇಹದ ಬಲವೆಲ್ಲ ಮುಷ್ಟಿಗೆ ಬಂದು ಕೂತಿತ್ತು. ಬಿಡಿಸಿ ಕೊಟ್ಟರೂ ಏನು ಬಂತು, ಆ ದರಿದ್ರದ ಬೀಗ ಇವನ ಕೈಗೆ ತೆರೆಯುತ್ತದೆಯೇ? ತಾನೇ ಹೋಗಿ ತರುವಷ್ಟು ಹೊತ್ತು ಮಗುವಿಗಿದೆಯೇ?

"ಒಡೀಲಾ! ಬೀಗ ಒಡ್ದಾಕು, ಓಗ್ಲಾ!" ಎಂದು ಅರಚಿದಳು.

ಅವನು ಓಡಿದ. ಅಜ್ಜಿ ಮಗುವಿನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ಕೂತಳು. ಬೀದಿಯ ಆ ತುದಿಯಿಂದ ಸುತ್ತಿಗೆಯ ಏಟು ಕೇಳಿಸತೊಡಗಿತು. ಒಂದು ಏಟು, ಇನ್ನೊಂದು, ಮತ್ತೊಂದು. ಬೀಗ ಬೀಳುತ್ತಿಲ್ಲ. ಇಷ್ಟು ಗಟ್ಟಿ ಬೀಗ ಈ ಸೀಮೆಯಲ್ಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಅವಳೇ. "ಬಿದ್ದೋಗೇ ಮುಂಡೇದೇ, ಬಿದ್ದೋಗು," ಎಂದು ಬೀಗವನ್ನು ಬೈಯುತ್ತ, ಬೇಡಿಕೊಳ್ಳುತ್ತ, ಅಳುತ್ತ ಕೂತಳು. ಎದೆಗಾನಿಸಿದ್ದ ಮಗುವಿನ ಸುಂಯ್ ಎನ್ನುವ ಸದ್ದು ಸಣ್ಣದಾಗುತ್ತಿತ್ತು. ಸದ್ದು ನಿಂತರೆ ಇನ್ನೂ ಕೆಟ್ಟದ್ದು ಎಂದು ಕನಕಮ್ಮ ಸಿಸ್ಟರ್ ಹೇಳಿದ್ದು ಅವಳಿಗೆ ನೆನಪಿತ್ತು.

ಡಬ್ಬಿ ಬಂತು. ಲೋಟ ಹಿಡಿದರು, ಪಂಪು ಒತ್ತಿದರು, ಮತ್ತೆ ಒತ್ತಿದರು. ಬಹಳ ಹೊತ್ತಾದ ಮೇಲೆ ಮಗುವಿನ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಸಿಸ್ಟರೂ ಬಂದು ದವಾಖಾನೆಗೆ ಕರೆದೊಯ್ದರು. ಮಗು ಉಳಿಯಿತು.

ಸಂಜೆಯ ರೈಲಿಗೆ ಬಂದ ಮಂಗಮ್ಮನಿಗೆ ಸ್ಟೇಷನ್ನಿನಲ್ಲೇ ಸುದ್ದಿ ಮುಟ್ಟಿತ್ತು. ನೇರ ದವಾಖಾನೆಗೆ ಹೋಗಿ ಮಗಳನ್ನು ನೋಡಿ, ಬಟ್ಟೆ ತರಲು ಮನೆಗೆ ಬಂದಳು. ಒಡೆದ ಬೀಗ ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಗೂಡಿನಲ್ಲಿಟ್ಟು, ಚೆಲ್ಲಿದ್ದ ಅವರೆಕಾಳನ್ನು ಬಳಿದು ಮೊರಕ್ಕೆ ತುಂಬಿದಳು.

"ಬಯ್ಯೇ, ಒಂದೇಟು ಒಡಿಯೇ," ಎಂದಳು ತಾಯಿ.

"ಯಾಕಮ್ಮಾ? ನಾನು ಇಲ್ಲಿರಲಿಲ್ವಲ್ಲ," ಎಂದಳು ಮಂಗಮ್ಮ. ಅವಳಿಗೆ ಅವಳದೇ ಸಂಕಟ.

ಮಾರನೆಯ ದಿನ ದವಾಖಾನೆಯ ಮಂಚದ ಮೇಲೆ ಸುಗುಣ ಎದ್ದು ಕೂತಿದ್ದಳು. ಅಂಗೈ ಬಿಡಿಸಿ ತೋರಿಸಿದಳು. ಬೀಗದ ಕೈ ಒತ್ತಿದ ಗುರುತು ಕೆಂಪಗೆ ಮೂಡಿತ್ತು.

"ಅಜ್ಜೀ, ನೀನು ಬಂದು ಬೀಗದ ಕೈ ಕೊಟ್ಯಲ್ಲ, ಅದಕ್ಕೇ ನಂಗೆ ಉಸ್ರು ಬಂತು."

ಮುನಿನಾರಾಯಣಮ್ಮ ಏನು ತಾನೇ ಹೇಳಿಯಾಳು? ಆ ಬೀಗದ ಕೈಯನ್ನು ದಿಬ್ಬದ ಆಚೆ ಎಸೆದುಬಿಡಬೇಕು ಎಂದು ರಾತ್ರಿಯೆಲ್ಲ ಅಂದುಕೊಂಡಿದ್ದಳು. ಎಸೆಯಲಾಗಲಿಲ್ಲ. ಅಂದಿನಿಂದ ಡಬ್ಬಿ ಎಲ್ಲರಿಗೂ ಕಾಣುವಂತೆ ಗೂಡಿನಲ್ಲಿ. ಮರದ ಕೆಳಗಿನ ಕೂಟದಲ್ಲಿ ಡಾಕ್ಟರಮ್ಮ ಉಬ್ಬಸ, ಇಳುಪ್ಪು, ಆಯಾಸಂ ಎಂದು ಕನ್ನಡ, ತಮಿಳು, ತೆಲುಗು ಮೂರು ಭಾಷೆಯಲ್ಲೂ ಎಲ್ಲರ ಬಾಯಲ್ಲಿ ಹೇಳಿಸುತ್ತಿದ್ದರು. ಆದರೆ ಎದೆಯಲ್ಲಿ ಸದ್ದು ಶುರುವಾದೊಡನೆ ಸುಗುಣ ಮೊದಲು ಕೈ ಚಾಚುವಳು. "ಬೀಗದ ಕೈ ಕೊಡಜ್ಜಿ." ಬೀಗವೇ ಇಲ್ಲದ ಆ ಬೀಗದ ಕೈಯನ್ನು ಅಜ್ಜಿ ಕೊಡುವಳು. ಮಗು ಅದನ್ನು ಬಿಗಿಯಾಗಿ ಹಿಡಿದು, ಅಜ್ಜಿಯ ಎದೆಗೆ ಒರಗಿ, ಹೆದರದೆ ಮದ್ದು ಎಳೆದುಕೊಳ್ಳುವಳು. ಹೆದರದ ಮಗುವಿಗೆ ಉಸಿರು ಬೇಗ ಬರುತ್ತದೆ ಎಂದು ಸಿಸ್ಟರೂ ಸುಮ್ಮನಿದ್ದರು. ವರ್ಷ ತುಂಬುವವರೆಗೆ ಹೀಗೇ ನಡೆಯಿತು.

ಒಂದು ಸಲ ತಿಂಗಳ ಕೂಟದಲ್ಲಿ ಡಾಕ್ಟರಮ್ಮ ಮಕ್ಕಳನ್ನು ಕೇಳಿದರು: "ಉಸಿರು ಕಟ್ಟಿದಾಗ ಮೊದಲು ಏನು ಮಾಡಬೇಕು?"

ಸುಗುಣ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: "ಮೊದ್ಲು ನಮ್ಮಜ್ಜಿ ಬೀಗದ ಕೈ ಕೊಡ್ತದೆ!"

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಆದರೆ ಮಾರಿಕುಪ್ಪಂ ಕಡೆಯಿಂದ ಅದೇ ಮೊದಲ ಸಲ ಬಂದಿದ್ದ ಚಿಕ್ಕವೆಂಕಟಮ್ಮ ಎನ್ನುವ ಹೆಂಗಸು ನಗಲಿಲ್ಲ. ಅವಳ ಕಂಕುಳಲ್ಲಿ ಎದೆ ಸುಂಯ್‌ಗುಡುವ ಗಂಡುಮಗು. ಕೂಟ ಮುಗಿದ ಮೇಲೆ ಮುನಿನಾರಾಯಣಮ್ಮನ ಹತ್ತಿರ ಬಂದು ಕೈ ಹಿಡಿದುಕೊಂಡಳು.

"ಅಜ್ಜೀ, ನಿನ್ ಕಾಲಿಗೆ ಬೀಳ್ತೀನಿ. ಆ ಪಂಪು ಗಿಂಪು ನಂಗೆ ಬ್ಯಾಡ, ಭಯ ಆಯ್ತದೆ. ಆ ಬೀಗದ ಕೈ ಒಂದು ನಾಕ್ ದಿನಕ್ಕೆ ಕೊಡು."

ಸುಗುಣ ಅಜ್ಜಿಯ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಮುಖದ ತುಂಬ ಹೆಮ್ಮೆ. ಮುನಿನಾರಾಯಣಮ್ಮ ಒಮ್ಮೆ ಮೊಮ್ಮಗಳನ್ನು ನೋಡಿದಳು, ಒಮ್ಮೆ ಆ ಕಂಕುಳ ಕೂಸನ್ನು ನೋಡಿದಳು. ಕೂಸಿನ ಪಕ್ಕೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಬೇರೆ ದಾರಿಯಿರಲಿಲ್ಲ.

"ಬ್ಯಾಡ ಕಣವ್ವಾ. ಇದ್ರಾಗೆ ಏನೂ ಇಲ್ಲ. ಅವತ್ತು ಮದ್ದನ್ನ ಬೀಗ ಆಕಿಟ್ಟು ಬರೀ ಇದನ್ನ ಇಡ್ಕೊಂಡು ಓಡ್ದೆ. ಈ ಮಗು ಸಾಯ್ತಿತ್ತು, ನನ್ನಿಂದ್ಲೇ ಸಾಯ್ತಿತ್ತು. ಉಳ್ಸಿದ್ದು ಆ ಪಂಪು. ನಿನ್ ಮಗೂಗೆ ಅದನ್ನೇ ಕೊಡು."

ಚಿಕ್ಕವೆಂಕಟಮ್ಮ ಅಜ್ಜಿಯ ಕೈ ಬಿಟ್ಟಳು. ಆಮೇಲೆ ನಿಧಾನವಾಗಿ ಕನಕಮ್ಮ ಸಿಸ್ಟರ್ ಕಡೆಗೆ ನಡೆದಳು. ಸೆರಗಿನ ಮೇಲಿದ್ದ ಪುಟ್ಟ ಕೈ ಯಾವಾಗ ಬಿಟ್ಟಿತೋ ಮುನಿನಾರಾಯಣಮ್ಮನಿಗೆ ತಿಳಿಯಲಿಲ್ಲ. ಮನೆಯವರೆಗೂ ಸುಗುಣ ಮುಂದೆ ಮುಂದೆ ನಡೆದಳು.

ಮತ್ತೆ ಗಾಳಿ ಎದ್ದಿತು. ದಿಬ್ಬದ ಪುಡಿ ಹೊಸಿಲು ದಾಟಿ ಬಂತು. ಮಗುವಿನ ಎದೆಯಲ್ಲಿ ಸುಂಯ್ ಎಂದದ್ದು ಒಲೆಯ ಮುಂದಿದ್ದ ಅಜ್ಜಿಗೆ ಕೇಳಿಸಿತು. ಎದ್ದು ಬರುವಷ್ಟರಲ್ಲಿ ಸುಗುಣ ತಾನೇ ಗೂಡಿನಿಂದ ಡಬ್ಬಿ ತೆಗೆದು, ಗೋಡೆಗೆ ಒರಗಿ ಕೂತು, ಲೋಟವನ್ನು ಮೂತಿಗೆ ಹಿಡಿದಿದ್ದಳು. ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮುನಿನಾರಾಯಣಮ್ಮ ಸೊಂಟದಿಂದ ಬೀಗದ ಕೈ ತೆಗೆದು ಎದುರಿಗೆ ಕೂತಳು. ಮಗು ಉಸಿರಿಗೆ ತಡಕಾಡಿತು, ಕಣ್ಣಲ್ಲಿ ನೀರು ತುಂಬಿತು, ಅಜ್ಜಿಯ ಕೈಯಲ್ಲಿದ್ದುದನ್ನು ನೋಡಿತು.

ಕೈ ಚಾಚಲಿಲ್ಲ.