ರಾ ಫೈಲಿನಲ್ಲಿ ಸಾವಿತ್ರಿಯ ಕೆನ್ನೆ

“ಅಣ್ಣಾರ, ಬಾಕಿ ಎಲ್ಲಾ ನಿಮಗ ಬಿಟ್ಟಿದ್ದು. ಆಕಿ ಕೆನ್ನಿ ಮ್ಯಾಲಿನ ಕಲೆ ಒಂದು ತಗದುಬಿಡ್ರಿ.”

ಹೋದ ತಿಂಗಳು ಕಂಪ್ಲಿಯಿಂದ ಬಂದ ಫೋನು. ಮಾತಾಡಿದವರು ನನ್ನ ಅಕ್ಕನ ಮಗಳು ಸಾವಿತ್ರಿ ಮದುವೆಯಾಗಲಿದ್ದ ವೀರೇಶನ ಅಕ್ಕ.

ಹಂಪಿಯ ಹೇಮಕೂಟದ ಮೇಲೆ ಇಬ್ಬರನ್ನೂ ಕೂರಿಸಿ ಫೋಟೋ ತೆಗೆದವನು ನಾನು. (ಮನೆಯಲ್ಲೊಬ್ಬ ಹವ್ಯಾಸಿ ಫೋಟೋಗ್ರಾಫರ್ ಇದ್ದರೆ ಸ್ಟುಡಿಯೋದವರನ್ನು ಯಾರು ಕರೆಯುತ್ತಾರೆ?) ಫೋನು ಸ್ಪೀಕರಿನಲ್ಲಿತ್ತು. ಸಾವಿತ್ರಿ ಹೊಸಪೇಟೆಯ ನಮ್ಮ ಮನೆಯಲ್ಲಿ, ನನ್ನ ಪಕ್ಕದಲ್ಲೇ ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದಳು.

ಅದಕ್ಕೂ ಮುಂಚೆ, “ಮಾಮಾ, ಇವು ಯಾಕ ಇಷ್ಟು ಮಂಕು ಅದಾವ?” ಎಂದು ಕೇಳಿದ್ದಳು.

ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೇ ಇಡುವ ರಾ ಫೈಲು ಇರುವುದೇ ಹಾಗೆ. ಮೊಬೈಲಿನಂತೆ ತಾನೇ ಮೇಕಪ್ ಮಾಡಿ ಕೊಡುವುದಿಲ್ಲ. ಅಂದ ಹೆಚ್ಚಿಸುವ ಮಾತು ಆಮೇಲೆ. ಮೊದಲು ಒಂದು ಕಾಪಿ ಬೇರೆ ಕಡೆ ಇಡಬೇಕು. ಸಂಜೆ ಬಿಸಿಲಿಗೆ ಹಳದಿಯಾದ ಅಂಗಿಯನ್ನು ಬಿಳಿಗೆ ತರಬೇಕು. ನೆರಳಿನಲ್ಲಿ ಮುಳುಗಿದ ಮುಖಕ್ಕೆ ಒಂದಿಷ್ಟು ಬೆಳಕು. ಕ್ಯಾಮೆರಾದೊಳಗೆ ಕೂತ ಧೂಳು ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದಲ್ಲ, ಅದನ್ನು ಒರೆಸಬೇಕು.

ಫೋನು ಬಂದಾಗ ನಾನು ಒರೆಸುತ್ತಿದ್ದುದು ಆ ಚುಕ್ಕೆಗಳನ್ನೇ. ಅದೇ ಬ್ರಷ್ಷನ್ನು ಕೆನ್ನೆಯ ಮೇಲಿಟ್ಟರೆ ಕಲೆಯೂ ಮಾಯ. ಸಾಫ್ಟ್‌ವೇರಿಗೆ ಎರಡೂ ಒಂದೇ.

ಸಾವಿತ್ರಿಗೆ ಒಂದೇ ಅಲ್ಲ. ಮರಿಯಮ್ಮನಹಳ್ಳಿಯಲ್ಲಿ ಲಾರಿಗಳು ನಿಲ್ಲುವ ಕಡೆ ಅಕ್ಕನದೊಂದು ಮಿರ್ಚಿ ಬಂಡಿ. ಅಕ್ಕ ಹಾಸಿಗೆ ಹಿಡಿದ ವರ್ಷ ದಿನಾ ಕಾಲೇಜು ಮುಗಿಸಿ ಬಂದು ಬಾಣಲೆ ಮುಂದೆ ನಿಲ್ಲುತ್ತಿದ್ದವಳು ಈಕೆ. ಕೆನ್ನೆಗೆ ಕಾದ ಎಣ್ಣೆ ಸಿಡಿದದ್ದು ಆಗ. ಬಂಡಿ ನಿಲ್ಲಲಿಲ್ಲ, ಓದೂ ನಿಲ್ಲಲಿಲ್ಲ. ಈಗ ಸಂಡೂರಿನಲ್ಲಿ ನರ್ಸು.

“ಹೋಗ್ಲಿ ಬಿಡವ್ವ, ಬರೇ ಫೋಟೋ,” ಎಂದು ಪಿಸುಗುಟ್ಟಿದೆ. ಅವಳು ಫೋನು ತನ್ನ ಕಡೆ ಎಳೆದುಕೊಂಡಳು.

“ಅಕ್ಕಾರ, ನಾ ಸಾವಿತ್ರಿ. ಕಲೆ ಇರ್ಲಿ ಬಿಡ್ರಿ.”

“ಬ್ಯಾನರಿಗೆ ಹಾಕೂದೈತಿ ನೋಡವ್ವ. ಮಂದಿ ಏನಂತಾರ?”

“ಬ್ಯಾನರಿನ್ಯಾಗ ಅಳಸಬಹುದು. ಲಗ್ನಕ್ಕ ನಾನ ಬರಬೇಕಲ್ರೀ. ಹಾಕಿದ್ರ ಹಿಂಗ ಹಾಕ್ರಿ, ಇಲ್ಲಾಂದ್ರ ಫೋಟೋನ ಬ್ಯಾಡ.”

ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಆ ಕಡೆಯವರು “ಮನ್ಯಾಗ ಕೇಳಿ ಹೇಳ್ತೀನಿ,” ಎಂದು ಫೋನು ಇಟ್ಟರು.

ಆಮೇಲೆ ಕಂಪ್ಲಿಯಿಂದ ಸುದ್ದಿಯೇ ಇಲ್ಲ. ನನ್ನ ಅಕ್ಕನಿಗೆ ಅನ್ನ ಸೇರಲಿಲ್ಲ. “ಒಂದು ಕಲೆ ಸಲುವಾಗಿ ಸಂಬಂಧ ಕೆಡಿಸ್ಕೊಂತೀ ಏನಲೇ?” ಎಂದು ಬೈದಳು. “ಕೆಡೂದಿದ್ರ ಈಗ ಕೆಡ್ಲಿ,” ಎಂದವಳೇ ಸಾವಿತ್ರಿ ಡ್ಯೂಟಿಗೆ ಹೊರಟಳು. ನಾನೂ ಹಟಕ್ಕೆ ಬಿದ್ದೆ. ಎಲ್ಲ ಫೋಟೋಗಳ ಆಕಾಶ ಒರೆಸಿದೆ, ಬೆಳಕು ಸರಿಮಾಡಿದೆ. ಕೆನ್ನೆ ಮುಟ್ಟಲಿಲ್ಲ.

ವಾರದ ಕೊನೆಗೆ ಮತ್ತೆ ಫೋನು. ಈ ಸಲ ವೀರೇಶ.

“ಮಾಮಾ, ಹೆಂಗ ಐತೋ ಹಂಗ ಕಳಸ್ರಿ. ಅಕ್ಕಗ ನಾ ಹೇಳೀನಿ.” ಫೋನು ಇಡುವ ಮುಂಚೆ, “ನನ್ನ ಮೊಡವಿನೂ ಇರ್ಲಿ,” ಎಂದ.

ಮದುವೆಯ ದಿನ ಕಂಪ್ಲಿಯ ಕಲ್ಯಾಣ ಮಂಟಪದ ಬಾಗಿಲಲ್ಲಿ ಆಳೆತ್ತರದ ಬ್ಯಾನರು. ಕಲೆಯೂ ಇತ್ತು, ಮೊಡವೆಗಳೂ ಇದ್ದವು. ಬಂದವರು ನೋಡಿದರು, ಒಳಗೆ ಹೋಗಿ ಅಕ್ಷತೆ ಹಾಕಿದರು, ಹೊಟ್ಟೆ ತುಂಬ ಉಂಡು ಹೋದರು.

ಮಂದಿ ಏನೂ ಅನ್ನಲಿಲ್ಲ; ಹಾಗಾದರೆ ಇಷ್ಟು ವರ್ಷ ನಾವೆಲ್ಲ ಮುಖ ಒರೆಸಿಕೊಂಡದ್ದು ಯಾರಿಗಾಗಿ?